ಎಂಟನೇ ದೋಣಿ

ವೈಶಾಲಿ ಮೊದಲ ಸಲ ಹಾಯಿದೋಣಿ ಹತ್ತಿದ್ದು ತಲೆ ಎಣಿಕೆಗೆ. ಸಮುದ್ರ ಅವಳನ್ನು ಕರೆಯಿತು ಎಂದು ಆಮೇಲೆ ಒಬ್ಬ ಪತ್ರಕರ್ತ ಬರೆದ. ಬರೆಯಲಿ, ಅವನೂ ಹೊಟ್ಟೆ ಹೊರೆಯಬೇಕು. ನಡೆದದ್ದು ಬೇರೆ.

ನೆರೂಳದಲ್ಲಿ ಸಮುದ್ರ ಒಳಚಾಚಿದ ಖಾಡಿಯ ದಂಡೆಗೆ ಒಂದು ಹಾಯಿದೋಣಿ ಕ್ಲಬ್ಬು. ಅದರ ಜಾಗದ ಗುತ್ತಿಗೆ ಮುಗಿಯಲು ಬಂದಾಗ, ಸುತ್ತಲಿನ ಬಡ ಮಕ್ಕಳಲ್ಲಿ ಹನ್ನೆರಡು ಮಂದಿಗಾದರೂ ಪುಕ್ಕಟೆ ದೋಣಿ ಕಲಿಸಿದರೆ ಮಾತ್ರ ಮುಂದುವರಿಸುತ್ತೇವೆ ಎಂದು ಜಾಗದವರು ಷರತ್ತು ಹಾಕಿದರು. ಬಡ ಮಕ್ಕಳು ಎಲ್ಲಿ ಸಿಗುತ್ತಾರೆಂದು ಕ್ಲಬ್ಬಿನ ಸಾಹೇಬರಿಗೆ ತಿಳಿಯದು. ಅಲ್ಲಿ ದೋಣಿ ರಿಪೇರಿ ಮಾಡುವ ಭುಜಂಗನಿಗೆ ತಿಳಿದಿತ್ತು. ಅವನು ಮೊದಲು ಅಂಬರನಾಥದ ಒಂದು ಬಣ್ಣದ ಕಾರ್ಖಾನೆಯಲ್ಲಿದ್ದವ. ಅದಕ್ಕೆ ಬೀಗ ಬಿದ್ದ ಮೇಲೆ ಇಲ್ಲಿಗೆ ಬಂದು ಫೈಬರಿಗೆ ತೇಪೆ ಹಾಕುತ್ತಿದ್ದ. ಹಳೆಯ ಯೂನಿಯನ್ ಗೆಳೆಯ ಶಿವಪುತ್ರಪ್ಪನಿಗೆ ಫೋನು ಮಾಡಿ, "ಮಂದಿ ಬೇಕು, ಸಣ್ಣ ಮಂದಿ" ಎಂದ.

ಮಂದಿ ತುಂಬಿಸುವುದರಲ್ಲಿ ಶಿವಪುತ್ರಪ್ಪನನ್ನು ಮೀರಿಸುವವರು ದಿವಾದಿಂದ ಅಂಬರನಾಥದವರೆಗೆ ಇರಲಿಲ್ಲ. ವಿಜಯಪುರದ ಕಡೆಯಿಂದ ಇಪ್ಪತ್ತರ ವಯಸ್ಸಿಗೆ ಬಂದು ಅದೇ ಕಾರ್ಖಾನೆ ಸೇರಿದವ, ಅದು ಮುಚ್ಚಿದ ಮೇಲೆ ಗೇಟು ತೆಗೆಸಲು ಹನ್ನೊಂದು ವರ್ಷ ಮೋರ್ಚಾ ನಡೆಸಿದವ. ಗೇಟು ತೆರೆಯಲಿಲ್ಲ. ಆ ಜಾಗದಲ್ಲಿ ಈಗ ಇಪ್ಪತ್ತೆರಡು ಮಾಳಿಗೆಯ ಟವರು ನಿಂತಿದೆ. ಆದರೆ ಮೋರ್ಚಾಕ್ಕೆ ಮಂದಿ ಕಡಿಮೆ ಬಿದ್ದರು ಎಂದು ಒಂದು ದಿನವೂ ಆಗಲಿಲ್ಲ. ನೂರು ಅಂದರೆ ನೂರು, ಬೇಕಾದರೆ ಮೇಲೆ ಹತ್ತು.

ಹಾಗೆ ದಿವಾದಲ್ಲಿ ತಾನಿದ್ದ, ಒಂದೊಂದು ಕೋಣೆಯ ಮನೆಗಳ ಚಾಳಿನಿಂದ ಹನ್ನೆರಡು ಮಕ್ಕಳನ್ನು ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳಕ್ಕೆ ಕರೆದೊಯ್ದ. ಹನ್ನೆರಡನೆಯವಳು ಅವನ ಮಗಳು, ಹನ್ನೊಂದು ವರ್ಷದ ವೈಶಾಲಿ. ಕ್ಲಬ್ಬಿನವರು ಫೋಟೋ ತೆಗೆದರು, ಬಾಳೆಹಣ್ಣು ಕೊಟ್ಟರು. ಗುತ್ತಿಗೆ ಮುಂದುವರಿಯಿತು. ಎರಡನೇ ವಾರಕ್ಕೆ ಹನ್ನೊಂದು ಮಕ್ಕಳು ಬಿಟ್ಟರು. ವೈಶಾಲಿ ಬಿಡಲಿಲ್ಲ. ಕಾರಣ ಬಹಳ ಸಾದಾ: ಒಂದು ಕೋಣೆಯಲ್ಲಿ ಐದು ಜನ ಮಲಗುವ ಮನೆ, ಒಂಟಿ ಕಾಲಲ್ಲಿ ನಿಲ್ಲುವ ಲೋಕಲ್ ಗಾಡಿ, ಒಂದು ಬೆಂಚಿಗೆ ನಾಲ್ವರು ಕೂರುವ ಶಾಲೆ. ಈ ಡಬ್ಬಿಯಂಥ ದೋಣಿಯಲ್ಲಿ ಒಬ್ಬಳೇ ಕೂರಬಹುದಿತ್ತು. ಬೇರೆ ಯಾರಿಗೂ ಜಾಗವೇ ಇರಲಿಲ್ಲ.

ಅಲ್ಲಿಂದ ಹದಿನೆಂಟು ವರ್ಷ ಅವಳು ಅದನ್ನೇ ಮಾಡಿದಳು. ಮಕ್ಕಳ ದೋಣಿಯಿಂದ ದೊಡ್ಡವರ ಡಿಂಗಿಗೆ ಬಂದಳು. ಒಂದು ಹಾಯಿ, ಒಂದು ಚುಕ್ಕಾಣಿ, ಒಬ್ಬಳೇ ಆಳು. ಹೈದರಾಬಾದಿನ ಸರೋವರ, ಚೆನ್ನೈ, ಗೋವಾ ಎಂದು ಸ್ಪರ್ಧೆಗೆ ಸೆಕೆಂಡ್ ಸ್ಲೀಪರಿನಲ್ಲಿ ಹೋಗಿಬಂದಳು. ಎರಡು ಸಲ ರಾಷ್ಟ್ರಮಟ್ಟದಲ್ಲಿ ನಾಲ್ಕನೆಯವಳಾದಳು. ನಾಲ್ಕನೆಯದಕ್ಕೆ ಚಪ್ಪಾಳೆ ಉಂಟು, ಸರ್ಟಿಫಿಕೇಟಿನ ಕಾಗದ ಇಲ್ಲ. ಡೊಂಬಿವಲಿಯ ಒಂದು ಕನ್ನಡ ಸಂಘದವರು ಕರೆದು ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, "ನಮ್ಮ ಹೆಮ್ಮೆಯ ಈಜುಗಾರ್ತಿ" ಎಂದು ಹೊಗಳಿದರು. ತಿದ್ದಲು ಹೋಗಲಿಲ್ಲ; ಊಟಕ್ಕೆ ಹೊತ್ತಾಗಿತ್ತು.

ತಾಯಿ ಈರವ್ವನಿಗಂತೂ ಇದು ಯಾವ ಆಟವೆಂದೇ ಹತ್ತಲಿಲ್ಲ. "ದಿನಾ ಮುಂಜಾನಿ ಎದ್ದು ನೀರಾಗ ಹೋಗಿ ತೊಯ್ಸಿಕೊಂಡು ಬರ್ತಾಳ. ಮತ್ತ ಮನ್ಯಾಗ ಜಳಕಾ ಮಾಡ್ತಾಳ. ಒಂದ ದಿನಕ್ಕ ಎರಡ ಸಲ ಯಾಕ ನೀರು ಬೇಕು" ಎಂಬುದು ಅವಳ ದೂರು. ಚಾಳಿನ ನಲ್ಲಿ ಅರ್ಧ ಗಂಟೆ ಬರುತ್ತಿತ್ತು, ಆ ದೂರಿನಲ್ಲಿ ತಪ್ಪೇನಿರಲಿಲ್ಲ.

ಇಪ್ಪತ್ತೊಂಬತ್ತಕ್ಕೆ ಬಂದಾಗ ವೈಶಾಲಿಯ ಕೈಯಲ್ಲಿ ಇದ್ದದ್ದು ಕ್ಲಬ್ಬಿನಲ್ಲಿ ಶನಿವಾರ ಭಾನುವಾರ ಕಂಪನಿ ಸಾಹೇಬರ ಮಕ್ಕಳಿಗೆ ದೋಣಿ ಕಲಿಸುವ ಕೆಲಸ. ಅಷ್ಟರಲ್ಲಿ ಕಲ್ಯಾಣದ ಒಂದು ಸರ್ಕಾರಿ ಕಚೇರಿಯಲ್ಲಿ ಆಟಗಾರರ ಕೋಟಾದಡಿ ಗುಮಾಸ್ತರ ಹುದ್ದೆ ಒಂದಕ್ಕೆ ಜಾಹೀರಾತು ಬಂತು. ವಯಸ್ಸು ಮೂವತ್ತರೊಳಗೆ. ರಾಷ್ಟ್ರಮಟ್ಟದಲ್ಲಿ ಮೊದಲ ಮೂರು ಸ್ಥಾನಗಳಲ್ಲಿ ಒಂದು. ಅವಳಿಗೆ ಜೂನ್‌ನಲ್ಲಿ ಮೂವತ್ತು. ಅದಕ್ಕೆ ಮೊದಲು ಉಳಿದಿದ್ದು ಒಂದೇ ಪಂದ್ಯಾವಳಿ, ಅದೂ ಅವಳದೇ ಕ್ಲಬ್ಬಿನ ಖಾಡಿಯಲ್ಲಿ. ಡಿಸೆಂಬರಿನಲ್ಲಿ.

ಡಿಸೆಂಬರ್ ಎಂದು ಕೇಳಿ ಅವಳು ಖುಷಿಯಾದದ್ದಕ್ಕೆ ಕಾರಣವಿತ್ತು. ಗಾಳಿ ಹಾಯಿಯನ್ನು ಒಂದು ಬದಿಗೆ ಒತ್ತುತ್ತದೆ. ದೋಣಿ ಮಗುಚದಂತೆ ನಡೆಸುವವಳು ಇನ್ನೊಂದು ಬದಿಯ ಅಂಚಿನ ಮೇಲೆ ಕೂತು, ಪಟ್ಟಿಗೆ ಪಾದ ಸಿಕ್ಕಿಸಿ, ಮೈಯನ್ನು ನೀರಿನ ಮೇಲೆ ಹೊರಚಾಚಬೇಕು. ಸಣ್ಣ ಗಾಳಿಗೆ ಸಣ್ಣ ಮೈ ಒಳ್ಳೆಯದು, ದೊಡ್ಡ ಗಾಳಿಗೆ ದೊಡ್ಡ ಮೈ. ವೈಶಾಲಿಯ ತೂಕ ಐವತ್ತು ಕಿಲೋ. ಡಿಸೆಂಬರಿನ ಮಂದ ಗಾಳಿಯಲ್ಲಿ ನೌಕಾಪಡೆಯ ಇಬ್ಬರು ಹುಡುಗಿಯರನ್ನು ಬಿಟ್ಟರೆ ಅವಳ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಮೂರನೆಯ ಸ್ಥಾನ ಕೈಯಲ್ಲೇ ಇದ್ದ ಹಾಗೆ.

ಆಮೇಲೆ ಜಾಹೀರಾತಿನ ಅಡಿಯ ಸಣ್ಣ ಅಕ್ಷರಗಳನ್ನು ಅಪ್ಪ ಕನ್ನಡಕ ಹಾಕಿಕೊಂಡು ಓದಿದ. ಯೂನಿಯನ್ನಿನವರು ಮೊದಲು ಓದುವುದೇ ಅಡಿಯ ಅಕ್ಷರ.

"ಇಲ್ಲೇನೋ ಬರದಾರ ನೋಡವಾ. ಆ ಗುಂಪಿನ್ಯಾಗ ಕಡಿಮಿ ಅಂದ್ರ ಎಂಟು ಮಂದಿ ಇರಬೇಕಂತ. ಕಡೀ ಓಟದ ತನಕ ಎಂಟೂ ಮಂದಿ ಕಣದಾಗ ಇರಬೇಕಂತ. ಎಂಟು ಇಲ್ಲಂದ್ರ ಪದಕ ಕೊಟ್ರೂ ಇವರು ಒಪ್ಪೂದಿಲ್ಲ."

ವೈಶಾಲಿ ಬೆರಳು ಮಡಚಿ ಎಣಿಸಿದಳು. ದೇಶದಲ್ಲಿ ಈ ದೋಣಿ ನಡೆಸುವ ಹೆಂಗಸರೇ ಬೆರಳೆಣಿಕೆ. ನೌಕಾಪಡೆಯವರು ಇಬ್ಬರು, ಚೆನ್ನೈಯವರು ಇಬ್ಬರು, ಹೈದರಾಬಾದಿನವಳು, ಭೋಪಾಲದವಳು, ತಾನು.

"ಸಾತ್. ಏಳೇ ಆಗ್ತಾರೆ ಪಪ್ಪಾ."

"ಒಂದು ತಲಿ ಅಷ್ಟ ಅಲ್ಲ? ಅದಕ್ಯಾಕ ಮಾರಿ ಸಣ್ಣ ಮಾಡ್ತಿ. ಕೋರಂ ತುಂಬಸೂದು ನನಗ ಬಿಡು."

ಶಿವಪುತ್ರಪ್ಪನ ಕಣ್ಣಿಗೆ ಬಿದ್ದದ್ದು ಅಶ್ಮಿತಾ. ಠಾಣೆ ಪೂರ್ವದ ಕೋಪರಿಯಲ್ಲಿ ಹೋಟೆಲಿಟ್ಟಿರುವ ವಸಂತಕುಮಾರ ಶೆಟ್ಟರ ಮಗಳು. ಶೆಟ್ಟರು ಉಡುಪಿ ಕಡೆಯವರು. ಸಮುದ್ರ ನಮ್ಮ ರಕ್ತದಲ್ಲೇ ಉಂಟು ಎಂದು ಹೇಳಿಕೊಂಡು ಮಗಳನ್ನು ಹಿಂದೆ ಇದೇ ಕ್ಲಬ್ಬಿಗೆ ಫೀಸು ಕಟ್ಟಿ ಸೇರಿಸಿದ್ದರು. ರಕ್ತದಲ್ಲಿ ಇದ್ದದ್ದು ಸಮುದ್ರವೋ ಸಾಂಬಾರೋ, ಆ ಹುಡುಗಿ ಯಾವ ಸ್ಪರ್ಧೆಯಲ್ಲೂ ಕೊನೆಯಿಂದ ಎರಡನೆಯ ಸ್ಥಾನ ದಾಟಲಿಲ್ಲ. ಆರು ವರ್ಷದ ಹಿಂದೆ ಸಿಎ ಓದುತ್ತೇನೆಂದು ದೋಣಿ ಬಿಟ್ಟಳು. ಫೈನಲ್ ಮೂರು ಸಲ ಬರೆದು ಮೂರು ಸಲವೂ ಬಿದ್ದಿದ್ದಳು. ವೈಶಾಲಿಗೂ ಅವಳಿಗೂ ಒಂದೇ ಲೈಫ್ ಜಾಕೆಟ್ಟು ಹಂಚಿಕೊಂಡು ಹಾಕಿದ ಕಾಲದ ಸ್ನೇಹ.

ಅಪ್ಪ ಮಗಳು ಹೋಟೆಲಿಗೆ ಹೋದಾಗ ಶೆಟ್ಟರು ಗಲ್ಲಾದಲ್ಲಿದ್ದರು. ಶಿವಪುತ್ರಪ್ಪನನ್ನು ಕಂಡದ್ದೇ ಅವರ ಮುಖ ಇಳಿಯಿತು.

"ಎಂತ ಶಿವಪುತ್ರಪ್ಪನವ್ರೇ, ನಾಳೆ ಬಂದ್ ಉಂಟಾ? ಮೊದಲೇ ಹೇಳಿ ಮಾರಾಯ್ರೇ, ಹಿಟ್ಟು ರುಬ್ಬಿ ಆಗಿದೆ."

"ಬಂದ್ ಇಲ್ರಿ ಶೆಟ್ರ. ನಿಮ್ಮ ಮಗಳನ್ನ ಕೇಳಾಕ ಬಂದೀವಿ."

"ಮಗಳನ್ನಾ? ನಿಮಗೆ ಮಗ ಇಲ್ಲ ಅಲ್ವಾ?"

"ದೋಣಿಗ್ರೀ."

ಅಶ್ಮಿತಾ ಒಳಗಿನ ಟೇಬಲ್ಲಿನಲ್ಲಿ ದಪ್ಪ ಪುಸ್ತಕ ತೆರೆದಿಟ್ಟು ಬನ್ಸ್ ತಿನ್ನುತ್ತಿದ್ದಳು. ವಿಷಯ ಕೇಳಿ ನಕ್ಕಳು.

"ವೈಶೂ, ಮುಝೆ ದೇಖ್ ತೋ, ನನ್ನನ್ನು ನೋಡು. ಎಪ್ಪತ್ತೆರಡು ಕಿಲೋ ಆಗಿದ್ದೇನೆ. ನಾನು ಕೂತ್ರೆ ಆ ಡಬ್ಬಿ ಮುಳುಗ್ತದೆ."

"ಮುಳುಗಲ್ಲ. ಬಸ್ ಬೈಠ್‌ನಾ ಹೈ, ಸುಮ್ನೆ ಕೂತ್ರೆ ಆಯ್ತು. ಶುರುವಿನ ಗೆರೆ ದಾಟು, ಎಲ್ಲರ ಹಿಂದೆ ಹಿಂದೆ ಬಾ, ಮುಗಿಸು. ಮೂರು ದಿನ. ಎಂಟನೇದು ಬಂದ್ರೆ ಸಾಕು."

"ಎಂಟನೇದು ನಾನು ಕಣ್ಣು ಮುಚ್ಚಿ ಬರ್ತೇನೆ" ಎಂದಳು ಅಶ್ಮಿತಾ.

ಶೆಟ್ಟರಿಗೆ ಈ ಮಾತು ಹಿಡಿಸಲಿಲ್ಲ. "ಎಂಟನೇದೇ ಯಾಕೆ? ಏಳನೇದು ಬರಬಾರ್ದಾ?" ಎಂದರು.

ಶಿವಪುತ್ರಪ್ಪ ಅವರಿಗೆ ತನ್ನ ಅನುಭವ ವಿವರಿಸಿದ. ಮೋರ್ಚಾದಲ್ಲಿ ಮುಂದಿನ ಸಾಲಿನವರು ಬೇರೆ, ತುಂಬಲು ಬಂದವರು ಬೇರೆ. ತುಂಬಲು ಬಂದವರು ಬಾವುಟ ಹಿಡಿಯುತ್ತಾರೆ, ಚಹಾ ಕುಡಿಯುತ್ತಾರೆ, ಮನೆಗೆ ಹೋಗುತ್ತಾರೆ. "ಹನ್ನೊಂದು ವರ್ಸದಾಗ ತುಂಬಾಕ ಬಂದವ ಒಬ್ಬನೂ ಮುಂದಿನ ಸಾಲಿಗೆ ನುಗ್ಗಿದ್ದು ನಾ ಕಂಡಿಲ್ರಿ" ಎಂದ. ಶೆಟ್ಟರು ಎಲ್ಲರಿಗೂ ಕಾಫಿ ತರಿಸಿದರು. ಎಂಟನೇ ಹೆಸರು ಪಟ್ಟಿ ಸೇರಿತು.

ಅವನ ಲೆಕ್ಕ ತಪ್ಪಿದ್ದು ಡಿಸೆಂಬರಿನಲ್ಲಿ. ಉದ್ಘಾಟನೆಗೆ ಬರಬೇಕಾದ ಮಂತ್ರಿಗೆ ತಾರೀಕು ಹೊಂದಲಿಲ್ಲ. ಹಾಯಿದೋಣಿ ಗಾಳಿಯಿಂದ ನಡೆಯುತ್ತದೆಂದು ಪುಸ್ತಕದಲ್ಲಿ ಬರೆದಿರುತ್ತದೆ. ಅದು ನಡೆಯುವುದು ಮುಖ್ಯ ಅತಿಥಿಯ ಡೈರಿಯಿಂದ. ಪಂದ್ಯಾವಳಿ ಮಾರ್ಚ್ ಕೊನೆಗೆ ಹೋಯಿತು. ಮಾರ್ಚ್ ಕೊನೆಯೆಂದರೆ ಮಧ್ಯಾಹ್ನ ಆಗುತ್ತಲೇ ವಾಯವ್ಯದಿಂದ ಬಂದು ಟೋಪಿ ಹಾರಿಸುವ ಗಾಳಿ. ವೈಶಾಲಿ ತೂಕ ಏರಿಸಿಕೊಳ್ಳಲು ಒಂದು ತಿಂಗಳು ದಿನಕ್ಕೆ ಆರು ಬಾಳೆಹಣ್ಣು ತಿಂದಳು. ಈರವ್ವ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅದರ ಮೇಲೆ ಎಣ್ಣೆ ಸುರಿದು ಬಡಿಸಿದಳು. ಒಂದು ಕಿಲೋ ಏರಿತು. ಅಷ್ಟರಲ್ಲಿ ಹೊಟ್ಟೆ ಕೆಟ್ಟು ಎರಡು ಇಳಿಯಿತು.

ಮೊದಲ ದಿನ ಶುಕ್ರವಾರ, ಗಾಳಿ ಸೋತಿತ್ತು. ಮಂತ್ರಿ ಬರಲಿಲ್ಲ, ಅವರ ಕಾರ್ಯದರ್ಶಿ ಬಂದು ರಿಬ್ಬನ್ ಕತ್ತರಿಸಿದ. ಎರಡು ಓಟ ನಡೆದವು. ವೈಶಾಲಿ ಎರಡರಲ್ಲೂ ಮೂರನೆಯವಳು. ಅಶ್ಮಿತಾ ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಭೋಪಾಲದವಳ ಹಗ್ಗ ಸಿಕ್ಕಿಹಾಕಿಕೊಂಡ ಕೃಪೆಯಿಂದ ಏಳು. ದಂಡೆಗೆ ಬಂದು ಅಂಗೈ ತೋರಿಸಿದಳು, ಹಗ್ಗ ಎಳೆದು ಬೊಬ್ಬೆ ಎದ್ದಿತ್ತು. "ನಿನಗಾಗಿ ಯಾರ್" ಎಂದಳು. ವೈಶಾಲಿ ಅವಳಿಗೆ ತನ್ನ ಗ್ಲೌಸು ಕೊಟ್ಟಳು.

ಶನಿವಾರ ಗಾಳಿ ಎದ್ದಿತು.

ಗಾಳಿ ಎದ್ದಾಗ ಏನಾಯಿತೆಂದು ವೈಶಾಲಿಗೆ ಮೊದಲ ತಿರುವಿನವರೆಗೂ ಅರ್ಥವಾಗಲಿಲ್ಲ. ಅವಳು ಅಂಚಿನಿಂದ ಆಚೆ ಮೈಯನ್ನೆಲ್ಲ ಚಾಚಿ, ಹೊಟ್ಟೆಯ ಸ್ನಾಯು ಹರಿಯುವಂತೆ ನೇತುಬಿದ್ದರೂ ದೋಣಿ ವಾಲುತ್ತಲೇ ಇತ್ತು. ವಾಲಿದ ದೋಣಿ ಮುಂದೆ ಹೋಗುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ಹಾಗೆ ಜಾರುತ್ತಿರುವಾಗ ಅವಳ ಪಕ್ಕದಿಂದ ಒಂದು ದೋಣಿ, ಇಸ್ತ್ರಿ ಪೆಟ್ಟಿಗೆ ಹೋದ ಹಾಗೆ, ಚೂರೂ ಅಲುಗದೆ ಹೋಯಿತು. ಅದರ ಅಂಚಿನ ಮೇಲೆ ಅಶ್ಮಿತಾ ಸುಮ್ಮನೆ ಕೂತಿದ್ದಳು. ಬೇರೇನೂ ಮಾಡುತ್ತಿರಲಿಲ್ಲ. ಕೂತಿದ್ದಳು, ಅಷ್ಟೇ. ಆರು ವರ್ಷ ಕೋಪರಿಯ ಹೋಟೆಲಿನಲ್ಲಿ ತಿಂದ ಬನ್ಸು, ಗೋಳಿಬಜೆ, ತುಪ್ಪದ ದೋಸೆ ಎಲ್ಲ ಒಟ್ಟಾಗಿ ಆ ದೋಣಿಯನ್ನು ಹಿಡಿದಿಟ್ಟಿದ್ದವು.

ಆ ದಿನದ ಎರಡು ಓಟಗಳಲ್ಲಿ ಅಶ್ಮಿತಾ ಎರಡು ಸಲ ಮೂರನೆಯವಳಾದಳು. ವೈಶಾಲಿ ಒಂದರಲ್ಲಿ ಆರು, ಇನ್ನೊಂದರಲ್ಲಿ ಮಗುಚಿ ಏಳು. ಈ ಆಟದಲ್ಲಿ ಬಂದ ಸ್ಥಾನವೇ ಅಂಕ, ಒಟ್ಟು ಕಡಿಮೆ ಇದ್ದವರು ಮೇಲೆ. ಸಂಜೆ ಬೋರ್ಡಿನಲ್ಲಿ ವೈಶಾಲಿಯ ಅಂಕ ಹತ್ತೊಂಬತ್ತು, ಅಶ್ಮಿತಾಳದು ಇಪ್ಪತ್ತೊಂದು. ನೌಕಾಪಡೆಯವರಿಬ್ಬರು ಎಲ್ಲರಿಗಿಂತ ಮೇಲೆ, ಉಳಿದವರು ಇವರಿಬ್ಬರ ಕೆಳಗೆ. ಉಳಿದಿದ್ದು ಭಾನುವಾರದ ಒಂದು ಓಟ. ಹವಾಮಾನದವರು ಇನ್ನೂ ಜೋರು ಗಾಳಿ ಎಂದಿದ್ದರು. ಅಶ್ಮಿತಾ ಮತ್ತೊಮ್ಮೆ ಮೂರನೆಯದು ಬಂದರೆ, ವೈಶಾಲಿ ನಾಲ್ಕರಲ್ಲಾದರೂ ಇರಲೇಬೇಕು. ಆ ಗಾಳಿಯಲ್ಲಿ ಅವಳು ನಾಲ್ಕನೆಯದು ಬರುವುದೆಂದರೆ ಯಾರಾದರೂ ಮುಂದಿನವರು ಮನೆಗೆ ಹೋಗಬೇಕು.

ಅಶ್ಮಿತಾಳನ್ನು ಮನೆಗೆ ಕಳಿಸುವಂತೆಯೂ ಇರಲಿಲ್ಲ. ಅವಳು ಬಿಟ್ಟುಹೋದರೆ ಏಳು ದೋಣಿ. ಏಳಾದರೆ ವೈಶಾಲಿಯ ಮೂರನೆಯ ಸ್ಥಾನ ಆ ಕಚೇರಿಗೆ ಬೇಡ. ಅವಳು ಇದ್ದರೆ ಎಂಟು ದೋಣಿ. ಎಂಟಾದರೆ ಮೂರನೆಯ ಸ್ಥಾನ ವೈಶಾಲಿಗಿಲ್ಲ. ಅಶ್ಮಿತಾ ದೋಣಿಯಲ್ಲಿ ಇರಬೇಕು, ವೈಶಾಲಿಯ ಹಿಂದೆ ಇರಬೇಕು. ಶಿವಪುತ್ರಪ್ಪ ಸೆಟಲ್‌ಮೆಂಟ್ ಮಾತಾಡಲು ಹೊರಟ.

ಶೆಟ್ಟರು ಕ್ಲಬ್ಬಿನ ಮರದ ನೆರಳಲ್ಲಿ ಮೊಬೈಲು ಹಿಡಿದು ನಿಂತಿದ್ದರು. ಊರಿಗೆ, ಭಾವನಿಗೆ, ತಮ್ಮ ಊರವರ ಸಂಘದ ಅಧ್ಯಕ್ಷರಿಗೆ ಮಗಳು ಎರಡು ಸಲ ಮೂರನೆಯದು ಬಂದ ಸುದ್ದಿ ಹೋಗುತ್ತಿತ್ತು.

"ಶೆಟ್ರ, ಮಾತು ಏನಾಗಿತ್ತು? ತುಂಬಾಕ ಅಂತ ಆಗಿತ್ತಲ್ರೀ."

"ತುಂಬಿದ್ದಾಳೆ ಅಲ್ವಾ ಮಾರಾಯ್ರೇ. ಎಂಟು ಆಗಿದೆ. ಅವಳು ಮುಂದೆ ಹೋದ್ರೆ ನಾನೆಂತ ಮಾಡುವುದು, ಹಿಂದಿನಿಂದ ಹಗ್ಗ ಕಟ್ಟಿ ಎಳೆಯುವುದಾ?"

"ನಾಳಿ ಒಂದ ಸ್ವಲ್ಪ ಸಾವಕಾಶ ಬರಾಕ ಹೇಳ್ರಿ."

ಶೆಟ್ಟರು ಫೋನು ಜೇಬಿಗೆ ಹಾಕಿದರು. ಅವರ ದನಿ ಇಳಿಯಿತು. "ನೋಡಿ, ನಿಮಗೆ ಸುಳ್ಳು ಹೇಳುವುದಿಲ್ಲ. ಈ ಹುಡುಗಿ ಹುಟ್ಟಿದಾಗಿನಿಂದ ಯಾವುದರಲ್ಲೂ ಪಾಸು ಅಂತ ಒಂದು ಸಲ ಮನೆಗೆ ಬಂದದ್ದಿಲ್ಲ. ಅವಳ ಅಮ್ಮ ಜಯಲತಾ ದೇವರ ಮುಂದೆ ಕೂತದ್ದು ಎದ್ದಿಲ್ಲ. ಇವತ್ತು ನಗಾಡಿಕೊಂಡು ಬಂದಳು. ನಾನು ಹೋಗಿ ಸೋಲು ಅಂತ ಹೇಳುವುದಾ? ನಿಮ್ಮ ಮಗಳಿಗೆ ನೀವು ಹೇಳ್ತೀರಾ?"

ಶಿವಪುತ್ರಪ್ಪ ಎಷ್ಟೋ ಕಾರ್ಖಾನೆ ಮಾಲಕರ ಎದುರು ಕೂತವ. ಎದುರಿನವನ ಮಾತಿನಲ್ಲಿ ನ್ಯಾಯ ಇದ್ದಾಗ ಏನು ಹೇಳಬೇಕೆಂದು ಯಾವ ಯೂನಿಯನ್ನೂ ಅವನಿಗೆ ಕಲಿಸಿರಲಿಲ್ಲ. ವಾಪಸು ಬಂದ.

ಅಶ್ಮಿತಾಳನ್ನು ನೇರ ಕೇಳಬಹುದಿತ್ತು. ವೈಶಾಲಿ ಸಂಜೆಯೆಲ್ಲ ಅವಳ ಪಕ್ಕ ಕೂತು ಹಾಯಿ ಮಡಚಿದಳು, ಕೇಳಲಿಲ್ಲ. ಕೇಳಿದರೆ ಅವಳು ಹೂಂ ಎನ್ನುತ್ತಾಳೆಂದು ಗೊತ್ತಿತ್ತು. ಹದಿನೆಂಟು ವರ್ಷ ನೀರಲ್ಲಿ ಕಳೆದು ಕೊನೆಗೆ ಬನ್ಸ್ ತಿನ್ನುವವಳ ಕೈಯಲ್ಲಿ ಮೂರನೆಯ ಸ್ಥಾನ ಬೇಡಿ ಪಡೆಯುವುದು ಅವಳಿಂದ ಆಗುವ ಮಾತಾಗಿರಲಿಲ್ಲ. ಸೊಕ್ಕು ಎಂದರೆ ಸೊಕ್ಕು. ಆ ಸೊಕ್ಕಿನಿಂದ ಹೊಟ್ಟೆಬಟ್ಟೆ ನಡೆಯುತ್ತಿರಲಿಲ್ಲ, ಆದರೂ ಇತ್ತು.

ಭಾನುವಾರ ಶೆಟ್ಟರು ಒಂದು ಮೋಟಾರು ಲಾಂಚನ್ನೇ ಬಾಡಿಗೆ ಹಿಡಿದು ಸಂಘದವರನ್ನು ತುಂಬಿಸಿಕೊಂಡು ಬಂದಿದ್ದರು. ಬ್ಯಾನರು, ಎರಡು ಪೆಟ್ಟಿಗೆ ಲಾಡು. ಶಿವಪುತ್ರಪ್ಪ ದಂಡೆಯ ಕಲ್ಲಿನ ಮೇಲೆ ಒಬ್ಬನೇ ನಿಂತಿದ್ದ. ಇಷ್ಟು ಮಂದಿ ಕಡಿಮೆ ಬಿದ್ದ ಮೋರ್ಚಾ ಅವನ ಜೀವಮಾನದಲ್ಲೇ ಅದೊಂದು.

ಓಟದ ಮೊದಲರ್ಧದಲ್ಲಿ ವೈಶಾಲಿ ಹೇಗೋ ನಾಲ್ಕನೆಯ ಜಾಗದಲ್ಲಿದ್ದಳು. ಚೆನ್ನೈಯವರಿಬ್ಬರಲ್ಲಿ ಒಬ್ಬಳು ಮಗುಚಿದ್ದಳು. ಅಶ್ಮಿತಾ ಮೂರು, ತಾನು ನಾಲ್ಕು. ಹೀಗೇ ಮುಗಿದರೆ ಅಂಕ ಇಪ್ಪತ್ಮೂರಕ್ಕೆ ಇಪ್ಪತ್ನಾಲ್ಕು. ಒಂದಂಕದಿಂದ ನೌಕರಿ. ನೀರಲ್ಲಿ ತೇಲಿಬಿಟ್ಟ ಕೊನೆಯ ಗುರುತಿನ ಕಡೆಗೆ, ಗಾಳಿಗೆ ಎದುರಾಗಿ ಅಂಕುಡೊಂಕಾಗಿ ಏರುವಾಗ ಎರಡು ದೋಣಿಗಳೂ ಎದುರುಬದುರು ಬಂದವು. ವೈಶಾಲಿಗೆ ಗಾಳಿ ಬಲಗಡೆಯಿಂದ, ಅಶ್ಮಿತಾಳಿಗೆ ಎಡಗಡೆಯಿಂದ. ಬಲದಿಂದ ಗಾಳಿ ಹಿಡಿದವರಿಗೆ ದಾರಿ ಮೊದಲು. ಇದು ಈ ಆಟದ ಮೊದಲ ಪಾಠ, ಮಕ್ಕಳಿಗೂ ಗೊತ್ತು. ಅಶ್ಮಿತಾ ದೂರ ಅಂದಾಜಿಸಿದ್ದು ತಪ್ಪಿತು. ಅವಳ ದೋಣಿಯ ಮೂತಿ ವೈಶಾಲಿಯ ದೋಣಿಯ ಪಕ್ಕೆಗೆ ದಡ್ ಎಂದು ಬಡಿಯಿತು. ವೈಶಾಲಿಯ ಹಾಯಿ ಗಾಳಿ ಬಿಟ್ಟಿತು, ದೋಣಿ ನಿಂತಿತು.

ಈ ಆಟಕ್ಕೆ ನೀರಿನ ಮೇಲೆ ಅಂಪೈರ್ ಇಲ್ಲ. ಅನ್ಯಾಯವಾದವರು ಆ ಕ್ಷಣವೇ "ಪ್ರೊಟೆಸ್ಟ್" ಎಂದು ಎದುರಿನವರಿಗೆ ಕೇಳುವಂತೆ ಕೂಗಬೇಕು. ಕೂಗಿದರೆ ತಪ್ಪು ಮಾಡಿದವರು ಅಲ್ಲೇ ಎರಡು ಸುತ್ತು ಹೊಡೆದು ದಂಡ ತೆರಬೇಕು, ಇಲ್ಲವೆಂದರೆ ದಂಡೆಯಲ್ಲಿ ವಿಚಾರಣೆ. ಕೂಗದಿದ್ದರೆ ಕತೆ ಅಲ್ಲಿಗೆ ಮುಗಿಯಿತು. ಆಮೇಲೆ ಎಷ್ಟು ಅತ್ತರೂ ಯಾರೂ ಕೇಳುವುದಿಲ್ಲ.

ವೈಶಾಲಿ ಬಾಯಿ ತೆರೆದಳು. ಎದುರಿಗೆ ಅಶ್ಮಿತಾ, ಮುಖವೆಲ್ಲ ಉಪ್ಪುನೀರು, "ಸಾರಿ ವೈಶೂ, ಸಾರಿ, ಸಾರಿ" ಎನ್ನುತ್ತಿದ್ದಳು. ಕೈಯಲ್ಲಿ ವೈಶಾಲಿಯದೇ ಗ್ಲೌಸು. ತಾನೇ ಕಾಲು ಹಿಡಿದು ಕರೆತಂದ ಗೆಳತಿ, ಸಾರಿ ಎನ್ನುತ್ತಿರುವವಳು. ಅವಳ ಮುಖಕ್ಕೆ ಏನೆಂದು ಕೂಗುವುದು. ಅಂಬರನಾಥದ ಗೇಟಿನಲ್ಲಿ ಹನ್ನೊಂದು ವರ್ಷ ಮೈಕಿಲ್ಲದೆ ಕೂಗಿದವನ ಮಗಳು ಬಾಯಿ ಮುಚ್ಚಿಕೊಂಡಳು. ದೋಣಿ ಮತ್ತೆ ಗಾಳಿ ಹಿಡಿಯುವಷ್ಟರಲ್ಲಿ ಇಬ್ಬರು ದಾಟಿ ಹೋಗಿದ್ದರು. ಅವಳು ಆರು, ಅಶ್ಮಿತಾ ಮೂರು. ಲಾಂಚಿನಲ್ಲಿ ಲಾಡು ಹಂಚಿದರು.

ದಂಡೆಯಲ್ಲಿ ಅಪ್ಪ ಕಾದಿದ್ದ. ಬಡಿದದ್ದನ್ನು ಅವನು ನೋಡಿದ್ದ, ನಿಯಮವನ್ನು ಭುಜಂಗನಿಂದ ಕೇಳಿ ತಿಳಿದುಕೊಂಡಿದ್ದ, ಅರ್ಜಿಯ ಫಾರಮನ್ನೂ ತಂದಿಟ್ಟುಕೊಂಡಿದ್ದ.

"ಅಕಿ ಬಂದು ನಿನಗ ಗುದ್ದಿದ್ಲು. ಅರ್ಜಿ ಹಾಕು. ಅಕೀಗೆ ಆ ಒಂದು ಓಟ ಹೋಗ್ತೈತಿ ಅಷ್ಟ. ಒಂದು ಓಟ ಹೋದ್ರೂ ಹೆಸರು ಕಣದಾಗ ಇರ್ತೈತಂತ. ಎಂಟಕ್ಕ ಎಂಟು ಉಳೀತಾವ. ಭುಜಂಗನ್ನ ಕೇಳೀನಿ."

"ಪಪ್ಪಾ..."

"ಕೂಗಿದಿ ಅಲ್ಲ?"

ಅವಳು ಫಾರಮು ತೆಗೆದುಕೊಂಡಳು. ಅದರಲ್ಲಿ ಒಂದು ಸಾಲಿತ್ತು: ಕೂಗಿ ತಿಳಿಸಿದ್ದೀರಾ, ಯಾವಾಗ? ಪೆನ್ನು ಆ ಸಾಲಿನ ಮೇಲೆ ಸ್ವಲ್ಪ ನಿಂತಿತು. ಒಳಗೆ ಬೋರ್ಡಿನ ಮೇಲೆ ಒಬ್ಬ ಅಂತಿಮ ಪಟ್ಟಿ ಅಂಟಿಸಲು ಟೇಪು ಹುಡುಕುತ್ತಿದ್ದ. ಹೌದು, ತಕ್ಷಣ, ಎಂದು ಬರೆದಳು.

ಸುದ್ದಿ ತಿಳಿದು ಶೆಟ್ಟರು ಲಾಡಿನ ಪೆಟ್ಟಿಗೆ ಹಿಡಿದುಕೊಂಡೇ ಬಂದರು. "ಇದೆಂತ ನ್ಯಾಯ ಮಾರಾಯ್ರೇ? ನೀವು ಕೈಮುಗಿದು ಕೇಳಿದ್ದಕ್ಕೆ ಬಂದ ಹುಡುಗಿ. ಅವಳ ಮೇಲೆಯೇ ಕಂಪ್ಲೇಂಟಾ?"

"ನಿಯಮ ಐತ್ರಿ ಶೆಟ್ರ" ಎಂದ ಶಿವಪುತ್ರಪ್ಪ. ಇದೇ ಮಾತನ್ನು ಕಾರ್ಖಾನೆಯ ಮ್ಯಾನೇಜರು ಅವನಿಗೆ ಅದೆಷ್ಟು ಸಲ ಹೇಳಿದ್ದನೋ. ಹೇಳುವಾಗ ಇಷ್ಟು ಹಗುರ ಇರುತ್ತದೆಂದು ಅವನಿಗೆ ಅವತ್ತೇ ಗೊತ್ತಾದದ್ದು.

ವಿಚಾರಣೆ ಕ್ಲಬ್ಬಿನ ಕೇರಂ ಕೋಣೆಯಲ್ಲಿ. ಮೂವರು ತೀರ್ಪುಗಾರರು, ನಡುವೆ ಕೂತವರು ನೌಕಾಪಡೆಯಿಂದ ನಿವೃತ್ತರಾದ, ಮೀಸೆ ಬಿಳಿಯಾದ ಅಧಿಕಾರಿ. ದಾರಿ ಯಾರದು ಎಂಬುದರಲ್ಲಿ ತಕರಾರಿರಲಿಲ್ಲ. ತಕರಾರು ಒಂದೇ: ವೈಶಾಲಿ ಕೂಗಿದ್ದಳೋ ಇಲ್ಲವೋ. ರಕ್ಷಣಾ ದೋಣಿ ನಡೆಸುತ್ತಿದ್ದ ಭುಜಂಗನನ್ನು ಕರೆದರು. "ಇಂಜಿನ್ ಆವಾಜ್ ಸಾಹೇಬ್, ನನ್ನ ಹೆಂಡತಿ ಕೂಗಿದ್ರೂ ಕೇಳ್ತಿರಲಿಲ್ಲ" ಎಂದು ಹೋದ.

"ನೀವು ಕೂಗಿದಿರಾ?" ಎಂದು ಬಿಳಿ ಮೀಸೆ ವೈಶಾಲಿಯನ್ನು ಕೇಳಿತು.

"ಹೌದು ಸರ್."

"ನೀವು ಕೇಳಿಸಿಕೊಂಡಿರಾ?"

ಅಶ್ಮಿತಾ ಕಿಟಕಿಯ ಆಚೆ ನೋಡಿದಳು. ಶೆಟ್ಟರು ಅಲ್ಲಿ ಸಂಘದವರಿಗೆ ಕೈಯಾಡಿಸಿ ಏನೋ ಹೇಳುತ್ತಿದ್ದರು, ಅಂಗೈಯಿಂದ ಗಾಳಿಯಲ್ಲಿ ದೋಣಿಯ ಉದ್ದ ತೋರಿಸುತ್ತಿದ್ದರು. ಅವಳು ತಿರುಗಿದಳು.

"ಹಾಂ ಸರ್. ತುಂಬ ಜೋರಾಗಿ ಕೂಗಿದಳು."

ವೈಶಾಲಿ ನೆಲ ನೋಡಿದಳು.

"ಹಾಗಾದರೆ ಎರಡು ಸುತ್ತು ಏಕೆ ಹೊಡೆಯಲಿಲ್ಲ?"

"ಬಿಟ್ಟು ಆರು ವರ್ಷ ಆಯ್ತು ಸರ್. ಎಷ್ಟು ಸುತ್ತು ಅಂತ ನೆನಪಾಗಲಿಲ್ಲ. ನೆನಪಾಗುವಷ್ಟರಲ್ಲಿ ಮುಗಿಸಿಬಿಟ್ಟಿದ್ದೆ."

ಬಿಳಿ ಮೀಸೆ ನಕ್ಕಿತು. ಅಶ್ಮಿತಾ ಆ ಓಟದಲ್ಲಿ ಅನರ್ಹ. ಅನರ್ಹರಿಗೆ ಒಂಬತ್ತು ಅಂಕ. ಅವಳ ಹಿಂದಿದ್ದವರೆಲ್ಲ ಒಂದೊಂದು ಜಾಗ ಮೇಲೆ ಸರಿದರು, ವೈಶಾಲಿ ಆರರಿಂದ ಐದಕ್ಕೆ. ಒಟ್ಟು ಇಪ್ಪತ್ನಾಲ್ಕು. ಸ್ಥಾನ ಮೂರನೆಯದು, ಸ್ಪರ್ಧಿಗಳು ಎಂಟು.

ಹೊರಗೆ ನೀರಿನ ನಲ್ಲಿಯ ಹತ್ತಿರ ವೈಶಾಲಿ ಅವಳ ತೋಳು ಹಿಡಿದಳು. "ಯಾಕೆ ಹೇಳಿದೆ?"

"ನೀನ್ಯಾಕೆ ಹೇಳಿದೆ?"

"ನನಗೆ ನೌಕರಿ ಬೇಕು."

"ನನಗೆ ದೋಣಿ ಬೇಡ. ಅಪ್ಪ ನಿನ್ನೆಯೇ ಹೊಸ ದೋಣಿಗೆ ಗೋವಾಕ್ಕೆ ಫೋನ್ ಮಾಡಿದ್ದಾರೆ. ಏಷ್ಯಾ ಲೆವೆಲ್ ಅಂತೆ. ಮೂರನೇದು ಅಂತ ಕಾಗದ ಸಿಕ್ಕಿದ್ರೆ ನನ್ನನ್ನು ನಲವತ್ತು ವರ್ಷದ ತನಕ ನೀರಲ್ಲಿ ಇಡ್ತಾರೆ." ಅಶ್ಮಿತಾ ಗ್ಲೌಸು ಬಿಚ್ಚಿ ಹಿಂಡಿ ಅವಳ ಕೈಗಿತ್ತಳು. "ಆದ್ರೆ ನಿನ್ನೆ ಮಾತ್ರ ಮಜಾ ಬಂತು. ನಿನ್ನನ್ನು ದಾಟಿದೆನಲ್ಲ, ಅದು ಮುಖ್ಯ. ಬೇಕಂತಲೇ ನಿಧಾನ ಮಾಡಬಹುದಿತ್ತು. ಮಾಡಲಿಲ್ಲ. ಸಚ್, ನಿಜ ಹೇಳ್ತಿದ್ದೇನೆ."

ವೈಶಾಲಿಗೆ ಆ ನೌಕರಿ ಸಿಕ್ಕಿತು ಎಂದು ಇಲ್ಲೇ ಹೇಳಿಬಿಡಬಹುದು. ಈಗ ಕಲ್ಯಾಣದ ಆ ಕಚೇರಿಯ ಎರಡನೇ ಮಾಳಿಗೆಯಲ್ಲಿ ಜನನ ಮರಣದ ಅರ್ಜಿಗಳಿಗೆ ಮೊಹರು ಹಾಕುತ್ತಾಳೆ. ಆಟಗಾರ್ತಿಯೆಂದು ತೆಗೆದುಕೊಂಡವರು ಅಭ್ಯಾಸಕ್ಕೆ ರಜೆ ಕೊಡಲಿಲ್ಲ. ಕಚೇರಿಯ ಪರ ಆಡಿದರೆ ಮಾತ್ರ ರಜೆ, ಕಚೇರಿಯ ಬಳಿ ಇರುವುದು ಕಬಡ್ಡಿ ತಂಡ. ಅವಳು ಕೊನೆಯ ಸಲ ದೋಣಿ ಹತ್ತಿ ಒಂದೂವರೆ ವರ್ಷವಾಯಿತು. ಹದಿನೆಂಟು ವರ್ಷ ನೀರಿನ ಮೇಲೆ ಓಡಿದ್ದು ನೀರು ಬಿಡುವುದಕ್ಕೆ ಎಂದಾದರೆ, ಆ ಓಟವನ್ನು ಅವಳು ಗೆದ್ದಳೆಂದೇ ಹೇಳಬೇಕು.

ಆದರೆ ಆ ಭಾನುವಾರ ಸಂಜೆ ಅದೆಲ್ಲ ಇನ್ನೂ ಆಗಿರಲಿಲ್ಲ. ಅಪ್ಪ ಮಗಳು ನೆರೂಳದಲ್ಲಿ ಗಾಡಿ ಹತ್ತಿದರು. ಭಾನುವಾರವಾದ್ದರಿಂದ ಕೂರಲು ಜಾಗ ಸಿಕ್ಕಿತು. ಶಿವಪುತ್ರಪ್ಪ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಚೀಲದಿಂದ ಮೂರು ಸಲ ಹೊರತೆಗೆದು ನೋಡಿದ.

"ಎಷ್ಟು ಸಲ ಕೂಗಿದಿ?"

"ಒಂದ ಸಲ."

"ಒಂದ ಸಲಕ್ಕ ಕೇಳಿಸ್ಕೊಂಡ್ರಾ?" ಅವನಿಗೆ ಅದೇ ಸೋಜಿಗ. "ಮೂರು ಮಂದಿ ಸಾಹೇಬ್ರು ಕುಂತು, ಒಂದ ಸಲ ಕೂಗಿದ್ದಕ್ಕ ಅದ ದಿನಾ ತೀರ್ಪು ಕೊಟ್ರಾ? ನಾವು ಹನ್ನೊಂದು ವರ್ಸ ಕೂಗಿದ್ವಲ್ಲವಾ. ಒಂದು ಕಿಡಿಕೀನೂ ತೆಗೀಲಿಲ್ಲ."

ಗಾಡಿ ಘನಸೋಳಿ ದಾಟಿತು. ಅವನು ಎದುರಿನ ಸೀಟಿನ ಅಪರಿಚಿತನಿಗೂ ಇದನ್ನು ಹೇಳಲು ಬಾಗುತ್ತಿದ್ದ. ವೈಶಾಲಿ ಅವನ ಮೊಣಕೈ ಹಿಡಿದಳು.

"ಕೂಗಿರಲಿಲ್ಲ ಪಪ್ಪಾ."

ಅವನು ಅವಳನ್ನು ನೋಡಿದ.

"ಬಾಯಿಂದ ಬರಲೇ ಇಲ್ಲ. ಇಬ್ಬರೂ ಸುಳ್ಳು ಹೇಳಿದ್ವಿ."

ಶಿವಪುತ್ರಪ್ಪ ಸರ್ಟಿಫಿಕೇಟನ್ನು ಚೀಲಕ್ಕೆ ಹಾಕಿ ಮಡಿಲಲ್ಲಿಟ್ಟುಕೊಂಡ. ಐರೋಳಿ ಬಂತು, ಠಾಣೆ ಬಂತು. ಸೇತುವೆ ಹತ್ತಿ, ದಿವಾಕ್ಕೆ ಹೋಗುವ ಸ್ಲೋ ಗಾಡಿಯ ಪ್ಲಾಟ್‌ಫಾರ್ಮಿಗೆ ಇಳಿದರು. ಬೈಯುತ್ತಾನೆಂದು ಅವಳು ಕಾದಳು. ಬೈಯಲಿಲ್ಲ. ಗಾಡಿಯಲ್ಲಿ ನೂಕುನುಗ್ಗಲಿತ್ತು, ಅವನು ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ನಿಂತ, ಮಡಿಕೆ ಬೀಳಬಾರದೆಂದು.

ಈರವ್ವ ಬಾಗಿಲಲ್ಲೇ ನಿಂತಿದ್ದಳು. ಹಿಂದೆ ಚಾಳಿನ ನಾಲ್ಕಾರು ಹೆಂಗಸರು.

"ಏನಾತು?"

ವೈಶಾಲಿ ಅಪ್ಪನ ಮುಖ ನೋಡಿದಳು. ಶಿವಪುತ್ರಪ್ಪ ಚಪ್ಪಲಿ ಬಿಟ್ಟು, ಚೀಲವನ್ನು ಹೆಂಡತಿಯ ಕೈಗಿಟ್ಟ.

"ಮೂರನೇದು ಬಂತು" ಎಂದ. "ಭಾಳ ಜೋರು ಕೂಗಿದ್ಲು ನಿನ್ನ ಮಗಳು. ದಂಡಿಮ್ಯಾಲ ನಿಂತ ನನಗ ಕೇಳಿಸ್ತು."